2 ಎಕರೆ 32 ಗುಂಟೆ

ಶಿವಮೊಗ್ಗ, 14 ಜೂನ್ 2024, ಶುಕ್ರವಾರ

ಬೆಳಗಿನಿಂದ ಜಿಟಿಜಿಟಿ ಮಳೆ. ಕೊಡೆ ಹಿಡಿದೇ ಗಾಂಧಿ ಪಾರ್ಕಿಗೆ ಹೋದೆ. ಎರಡು ಸುತ್ತು ಮುಗಿಯುವುದರೊಳಗೆ ಚಪ್ಪಲಿ ಪಚಪಚ ಅನ್ನತೊಡಗಿತು. ನಮ್ಮ ಗುಂಪಿನ ಏಳು ಜನರಲ್ಲಿ ಬಂದವರು ಮೂವರೇ. ಮಳೆ ಹಿಡಿದರೆ ಮಂಡಿನೋವು ಎಲ್ಲರಿಗೂ ಒಟ್ಟಿಗೇ ಶುರುವಾಗುತ್ತದೆ.

ಮನೆಗೆ ಬಂದು ಹಾಲು ಕಾಯಲಿಡುವಷ್ಟರಲ್ಲಿ ತಂಗಿಯ ಮಗಳ ಫೋನು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಓದುತ್ತಿದ್ದಾಳೆ. ನಮಗೆ ಬೆಳಿಗ್ಗೆ ಎಂಟಾದರೆ ಅವಳಿಗೆ ಹಿಂದಿನ ದಿನದ ರಾತ್ರಿ ಏಳೂವರೆ. "ದೊಡ್ಡಮ್ಮ, ಪಾರ್ಕಿನ ಕೇಸು ಮುಗೀತು. ಹಾಸ್ಟೆಲ್ ಕಟ್ತಾರೆ" ಅಂದಳು. ತೀರ್ಪು ಬಂದದ್ದು ಜೂನ್ 6ಕ್ಕೇ. ಲ್ಯಾಬಿನ ಗಡಿಬಿಡಿಯಲ್ಲಿ ಹೇಳಲು ಮರೆತಿದ್ದಳಂತೆ.

ಆ ಪಾರ್ಕಿನ ಕತೆ ನನಗೆ ಒಂದೂವರೆ ವರ್ಷದಿಂದ ಧಾರಾವಾಹಿಯ ಹಾಗೆ ಕಂತು ಕಂತಾಗಿ ಬರುತ್ತಿದೆ. ಹೆಸರು ಪೀಪಲ್ಸ್ ಪಾರ್ಕ್. ಇರುವುದು 2.8 ಎಕರೆ, ನಮ್ಮ ಲೆಕ್ಕದಲ್ಲಿ 2 ಎಕರೆ 32 ಗುಂಟೆ. ಒಂದೂವರೆ ಸಾವಿರ ಅಡಿಕೆ ಗಿಡ ಕೂರುವಷ್ಟು ಜಾಗ. ಅಷ್ಟಕ್ಕೆ ಐವತ್ತೈದು ವರ್ಷದ ಜಗಳ. ನಮ್ಮ ಕಡೆ ಎರಡು ಗುಂಟೆ ಬೇಲಿಗೆ ಮೂರು ತಲೆಮಾರು ಕೋರ್ಟು ಹತ್ತುವುದನ್ನು ನೋಡಿದ ನನಗೆ ಅದೇನೂ ಆಶ್ಚರ್ಯವಲ್ಲ ಬಿಡಿ.

ಮೊದಲು ಅಲ್ಲಿ ಮನೆಗಳಿದ್ದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 1967ರಲ್ಲಿ ಜಾಗವನ್ನು ವಶಪಡಿಸಿಕೊಂಡಿತು. ಹಾಸ್ಟೆಲ್ ಕಟ್ಟುತ್ತೇವೆ, ಆಟದ ಬಯಲು ಮಾಡುತ್ತೇವೆ ಎಂದು ಮುಂದಿನ ವರ್ಷ ಮನೆಗಳನ್ನೆಲ್ಲ ಕೆಡವಿತು. ಕೆಡವಿದ್ದಷ್ಟೇ ಬಂತು, ಕಟ್ಟಲಿಲ್ಲ. ಕೆಸರು ಗುಂಡಿ, ಅದರೊಳಗೆ ನಿಂತ ಕಾರು. 1969ರ ಏಪ್ರಿಲ್ 20ರಂದು ಊರಿನ ಜನ, ವಿದ್ಯಾರ್ಥಿಗಳು ಹಾರೆ ಗುದ್ದಲಿ ಹಿಡಿದು ಬಂದು ಹುಲ್ಲು ಹಾಸಿ, ಗಿಡ ನೆಟ್ಟು, ಇದು ನಮ್ಮ ಪಾರ್ಕು ಅಂದರು. ಮೇ 15ರಂದು ಪೊಲೀಸರ ಕಾವಲಿನಲ್ಲಿ ಬೇಲಿ ಹಾಕಿಸಿದರು. ಆಗ ಅಲ್ಲಿನ ಗವರ್ನರ್ ರೊನಾಲ್ಡ್ ರೇಗನ್, ಮುಂದೆ ಅಧ್ಯಕ್ಷರಾದರಲ್ಲ, ಅವರೇ. ಆ ದಿನ ಪೊಲೀಸರು ಜನರ ಮೇಲೆ ಕೋವಿ ಹಾರಿಸಿದರು. ಮಾಡಿನ ಮೇಲೆ ನಿಂತು ನೋಡುತ್ತಿದ್ದ ಜೇಮ್ಸ್ ರೆಕ್ಟರ್ ಎಂಬ ಇಪ್ಪತ್ತೈದರ ಹುಡುಗ ಕೋವಿಯ ಚರೆಗುಂಡು ತಗುಲಿ ನಾಲ್ಕು ದಿನಕ್ಕೆ ತೀರಿಕೊಂಡ. ಅಲನ್ ಬ್ಲಾಂಚರ್ಡ್ ಎಂಬುವನಿಗೆ ಕಣ್ಣೇ ಹೋಯಿತು. ಚರೆ ಅಂದರೆ ಏನೆಂದು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ನಮ್ಮ ಸಾಗರದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ನೇಗಿಲು ಹಿಡಿದು ಗದ್ದೆಗೆ ಇಳಿದದ್ದು, ಲೋಹಿಯಾ ಬಂದು ಬಂಧನವಾದದ್ದು ಇವೆಲ್ಲ ನೆನಪಾಗಿ, "ಇಲ್ಲಿ ಉಳುವವನೇ ಹೊಲದೊಡೆಯ, ಅಲ್ಲಿ ನೆಟ್ಟವನೇ ಪಾರ್ಕಿನೊಡೆಯ" ಅಂದಿದ್ದೆ ಒಮ್ಮೆ. ಅವಳಿಗೆ ನಗು ಬರಲಿಲ್ಲ.

ಯಾಕೆಂದರೆ ಅವಳು ಹಾಸ್ಟೆಲ್ಲಿನ ಕಡೆ. ಎರಡು ಕೋಣೆಯ ಮನೆಯಲ್ಲಿ ನಾಲ್ಕು ಜನ ಇದ್ದಾರೆ. ಅವಳ ಪಾಲಿನ ಒಂದು ತಿಂಗಳ ಬಾಡಿಗೆಯಲ್ಲಿ ನಮ್ಮ ಮಹಡಿ ಮೇಲೆ ಬಾಡಿಗೆಗಿರುವ ಐದು ಹುಡುಗಿಯರಲ್ಲಿ ನಾಲ್ವರು ಒಂದು ವರ್ಷ ಇರಬಹುದು. "ನಿಮಗೆ ಅದು ಚರಿತ್ರೆ ದೊಡ್ಡಮ್ಮ, ನನಗೆ ರಾತ್ರಿ ಒಬ್ಬಳೇ ದಾಟಕ್ಕೆ ಹೆದರಿಕೆ ಆಗೋ ಜಾಗ" ಅಂದಿದ್ದಳು. ಮನೆಯಿಲ್ಲದವರು ಅಲ್ಲಿ ಡೇರೆ ಹಾಕಿಕೊಂಡಿದ್ದರು. ಅಲ್ಲಿ ಪುಕ್ಕಟೆ ಊಟ ಬಡಿಸುವವರೂ ಇದ್ದರು, ಅಮಲು ಮಾರುವವರೂ ಇದ್ದರು. ಈಗಿನ ಯೋಜನೆಯಲ್ಲಿ ಸುಮಾರು 1,100 ವಿದ್ಯಾರ್ಥಿಗಳಿಗೆ ಜಾಗ, ಮನೆಯಿಲ್ಲದವರಿಗೆ ನೂರಕ್ಕೂ ಹೆಚ್ಚು ವಸತಿ, ಅರ್ಧಕ್ಕಿಂತ ಹೆಚ್ಚು ನೆಲ ಬಯಲಾಗಿಯೇ ಇರುತ್ತದಂತೆ. ಕಾಗದದ ಮೇಲೆ ನೋಡಿದರೆ ತಪ್ಪು ಹುಡುಕುವುದು ಕಷ್ಟ.

ಕೇಸಿನಲ್ಲಿ ನನಗೆ ಬಹಳ ಇಷ್ಟವಾದದ್ದು ಗಲಾಟೆಯ ಭಾಗ. 2023ರ ಫೆಬ್ರವರಿಯಲ್ಲಿ ಮೇಲ್ಮನವಿ ನ್ಯಾಯಾಲಯ, ಅಲ್ಲಿ ಬರುವ ವಿದ್ಯಾರ್ಥಿಗಳು ಮಾಡುವ ಸದ್ದು ಪರಿಸರಕ್ಕೆ ಏನು ಮಾಡುತ್ತದೆ ಎಂದು ವಿಶ್ವವಿದ್ಯಾಲಯ ಪರಿಶೀಲಿಸಿಲ್ಲ ಎಂದು ತಡೆ ಹಾಕಿತು. ಅದೇ ವರ್ಷ ಸೆಪ್ಟೆಂಬರಿನ ಹೊತ್ತಿಗೆ ಅಲ್ಲಿನ ಶಾಸನಸಭೆ ಕಾನೂನನ್ನೇ ತಿದ್ದಿ, ವಸತಿ ಕಟ್ಟಡದಲ್ಲಿ ವಾಸಿಸುವವರ ಸದ್ದು ಪರಿಸರ ಹಾನಿಯಲ್ಲ ಅಂದಿತು. ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ಈಗ ಅದನ್ನೇ ಹಿಡಿದು ದಾರಿ ಬಿಟ್ಟಿದೆ. ಆ ನ್ಯಾಯಾಧೀಶರು ಒಂದು ರಾತ್ರಿ, ಹನ್ನೊಂದರ ಮೇಲೆ, ನಮ್ಮ ಮಹಡಿಯ ಕೆಳಗೆ ಮಲಗಿ ಆಮೇಲೆ ತೀರ್ಪು ಬರೆಯಬೇಕಿತ್ತು.

ಹಾಸ್ಟೆಲ್ ಬೇಡ ಅನ್ನುವುದು ನನ್ನ ಮಾತಲ್ಲ. ಮೂವತ್ತು ವರ್ಷದಿಂದ ಓದುವ ಮಕ್ಕಳಿಗೆ ಕೋಣೆ ಕೊಟ್ಟು ಬದುಕಿದವಳು ನಾನು, ಹಾಗೆ ಹೇಳಿದರೆ ನಾಲಿಗೆ ಸೀದೀತು. ನನಗೆ ಕಚ್ಚುವುದು ಮೊದಲಿನ ಆ ವರ್ಷ. ಜನ ವಾಸವಿದ್ದ ಮನೆಗಳನ್ನು ಹಾಸ್ಟೆಲ್ಲಿಗೆಂದು ಕೆಡವಿ, ಹಾಸ್ಟೆಲ್ ಕಟ್ಟದೆ ಬಿಟ್ಟು, ಅರ್ಧ ಶತಮಾನ ಕಳೆದ ಮೇಲೆ ಅದೇ ಜಾಗದಲ್ಲಿ ವಸತಿಯ ಕೊರತೆ ಇದೆ ಎನ್ನುವುದು. ಈ ಜನವರಿ 4ರ ನಡುರಾತ್ರಿ ಪೊಲೀಸರು ಬಂದು ಇದ್ದವರನ್ನು ಎಬ್ಬಿಸಿ, ಸುತ್ತ 160ರಷ್ಟು ಹಡಗಿನ ಕಂಟೇನರು ತಂದು ಒಂದರ ಮೇಲೊಂದು ಪೇರಿಸಿ ಗೋಡೆ ಕಟ್ಟಿದರು. ಅವಳು ಫೋಟೋ ಕಳಿಸಿದ್ದಳು. ಹಿಂದೆ ಮರಗಳ ತುದಿ ಕೂಡ ಕಾಣುತ್ತಿರಲಿಲ್ಲ.

ನನಗೆ ಕಂಡದ್ದು ನೀರು. ಕರೂರು ಸೀಮೆಯಲ್ಲಿ ನಮ್ಮ ಮನೆ ಇತ್ತು. 1964ರಲ್ಲಿ ಅದನ್ನು ಮುಳುಗಿಸಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ನನಗೆ ಆರು ವರ್ಷ. ಅದಕ್ಕೂ ಮುಂಚೆಯೇ ಅಪ್ಪ ಮನೆಯ ಒಂದೊಂದೇ ಮರ ಬಿಚ್ಚಿ, ಡಾಂಬರಿನಲ್ಲಿ ಗುರುತು ಬರೆದಿದ್ದ. ತೊಲೆಗೆ ತೊ, ಕಂಬಕ್ಕೆ ಕಂ, ಬಾಗಿಲಿಗೆ ಬಾ. ಹೊಸ ಜಾಗದಲ್ಲಿ ಅದೇ ಕ್ರಮದಲ್ಲಿ ಜೋಡಿಸಬೇಕಲ್ಲ. ಲಾರಿ ನಮ್ಮನ್ನು ಆಯನೂರು ಕಡೆಯ ಕಾಡಂಚಿನಲ್ಲಿ ಇಳಿಸಿ ಹೋಯಿತು. ಆ ಡ್ಯಾಮಿನಿಂದ ನಾಡಿಗೆಲ್ಲ ಕರೆಂಟು ಸಿಕ್ಕಿತು, ನಾನು ಎಸ್ಸೆಸ್ಸೆಲ್ಸಿ ಓದಿದ್ದು ಚಿಮಣಿ ಬುಡ್ಡಿಯಲ್ಲಿ. ಅಪ್ಪನ ಕೈಯಲ್ಲಿ ಹಕ್ಕುಪತ್ರ ಇತ್ತು, ಪಹಣಿಯಲ್ಲಿ ಮಾತ್ರ ಅರಣ್ಯ ಅಂತಲೇ ಬರುತ್ತಿತ್ತು. ಆ ಕಾಗದ ಹಿಡಿದು ಅವನು ತಿರುಗಿದ್ದು ಸಾಯುವವರೆಗೆ. ಸಾರ್ವಜನಿಕ ಉದ್ದೇಶ ಎಂಬ ಪದ ಕಂಡರೆ ನನಗೆ ಇವತ್ತಿಗೂ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಡ್ಯಾಮು ಬೇಡವಾಗಿತ್ತೇ ಅಂದರೆ ಫ್ಯಾನ್ ಕೆಳಗೆ ಕೂತು ಏನು ಹೇಳಲಿ?

ಇದನ್ನೆಲ್ಲ ಅವಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರೆ ದೊಡ್ಡಮ್ಮ, ಕಟ್ಟಿದ್ರೆ ನನ್ನ ಜೂನಿಯರ್ಸಿಗಾದ್ರೂ ಸಿಗತ್ತಲ್ಲ" ಅಂದಳು. ಅಷ್ಟರಲ್ಲಿ ಹಾಲು ಉಕ್ಕಿತು. ಒಲೆ ಒರೆಸುವುದರಲ್ಲೇ ಒಂಬತ್ತಾಯಿತು.

ಮಧ್ಯಾಹ್ನ ಸೊರಬದಿಂದ ಒಬ್ಬ ತಾಯಿ ಮಗಳು ಬಂದಿದ್ದರು. ಕಾಲೇಜಿನಲ್ಲಿ ಸೀಟು ಸಿಕ್ಕಿದೆ, ಹಾಸ್ಟೆಲ್ ಸಿಕ್ಕಿಲ್ಲ. ಬಸ್ ಸ್ಟ್ಯಾಂಡಿನಿಂದ ಒಂದೇ ಕೊಡೆಯಲ್ಲಿ ನಡೆದು ಬಂದಿದ್ದಾರೆ, ಇಬ್ಬರದ್ದೂ ಒಂದೊಂದು ಭುಜ ಒದ್ದೆ. ಮೂರು ಕೋಣೆಯಲ್ಲಿ ಐದು ಹುಡುಗಿಯರಿದ್ದಾರೆ, ಜಾಗ ಇಲ್ಲ ಅಂದೆ. "ಒಂದು ಹಾಸಿಗೆ ಬಿಡಿಸೋಷ್ಟು ಸಾಕಾಗಿತ್ತು" ಅಂದರು ತಾಯಿ. ಹೋಗಲಿ, ನೋಡಿಕೊಂಡಾದರೂ ಹೋಗಿ ಎಂದು ಮೇಲೆ ಕರೆದುಕೊಂಡು ಹೋದೆ.

ಕೊನೆಯ ಕೋಣೆಯ ಬಾಗಿಲು ಅಪ್ಪನದ್ದೇ. ಹಲಸಿನ ಮರದ್ದು. ಮೂಲೆಯಲ್ಲಿ ಡಾಂಬರಿನ 'ಬಾ 3' ಈಗಲೂ ಇದೆ, ಎರಡು ಸಲ ವಾರ್ನಿಷ್ ಹೊಡೆಸಿದರೂ ಹೋಗಿಲ್ಲ. ಹುಡುಗಿಯರಿಗೆ ಅದೇ ಕೋಣೆಯ ನಂಬರು. ಈ ಮಗು ಅದರ ಮೇಲೆ ಬೆರಳಾಡಿಸಿ, "ಬಾ 1, ಬಾ 2 ಎಲ್ಲಿವೆ ಆಂಟಿ?" ಅಂತ ಕೇಳಿತು. ಬಾ 1 ಹೆಬ್ಬಾಗಿಲು, ಆಯನೂರಿನ ಮನೆಯಲ್ಲೇ ಗೆದ್ದಲು ತಿಂದು ಹೋಯಿತು. ಬಾ 2 ಲಾರಿಯಿಂದ ಇಳಿಯಲೇ ಇಲ್ಲ. ಅಷ್ಟೆಲ್ಲ ಹೇಳುವ ಹೊತ್ತಲ್ಲ, ಅವರಿಗೆ ಮೂರೂವರೆಯ ಬಸ್ಸಿತ್ತು. ಫೋನ್ ನಂಬರು ಬರೆದುಕೊಂಡು ಕಳಿಸಿದೆ.

ಸಂಜೆ ಟೇಪು ಹಿಡಿದು ಮತ್ತೆ ಮೇಲೆ ಹೋದೆ. ಬಾ 3ರಲ್ಲಿ ಕಿಟಕಿ ಪಕ್ಕ ಎರಡೂವರೆ ಅಡಿ ಉಳಿದಿದೆ. ಮಂಚಕ್ಕೆ ಮೂರಾದರೂ ಬೇಕು. ಮೇಜನ್ನು ಹೊರಗಿನ ಪಡಸಾಲೆಗೆ ಹಾಕಿದರೆ ಹಿಡಿಯುತ್ತದೆ. ಆದರೆ ಆ ಮೇಜು ತೀರ್ಥಹಳ್ಳಿಯ ಹುಡುಗಿಯದ್ದು, ಮೇಲೆ ಅವಳ ಪುಸ್ತಕ, ಗಣಪತಿ ಫೋಟೋ, ಒಂದು ಡಬ್ಬಿ ಹಪ್ಪಳ. ಅವಳು ಊರಿಗೆ ಹೋಗಿದ್ದಾಳೆ. ಭಾನುವಾರ ರಾತ್ರಿ ಬರುತ್ತಾಳೆ. ಕೇಳಬೇಕು.