"ಈ ಪೋಸ್ಟ್ ಒಳ್ಳೇದುಂಟಾ?" ಅಂತ ಕೇಳುವವರಿಗೆ

ಮಂಗಳೂರಿನಲ್ಲಿ ಕಂಪನಿಗಳಿಗೆ ಜನ ಹುಡುಕಿಕೊಡುವ ಕೆಲಸ ನನ್ನದು. ಹಾಗಾಗಿ ಬಂಧುಗಳು, ಬಂಧುಗಳ ಬಂಧುಗಳು, ಪಕ್ಕದ ಮನೆಯ ಹುಡುಗಿಯ ಕ್ಲಾಸ್‌ಮೇಟು, ಎಲ್ಲರೂ ನನ್ನ ಮೊಬೈಲಿಗೆ ಕೆಲಸದ ಜಾಹೀರಾತಿನ ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ಕೆಳಗೆ ಒಂದೇ ಸಾಲು: "ಅಕ್ಕಾ, ಈ ಪೋಸ್ಟ್ ಒಳ್ಳೇದುಂಟಾ?" ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ. ಕೋಲದ ರಾತ್ರಿ, ಡೋಲು ಬಡಿಯುತ್ತಿರುವಾಗ ಕಿವಿಯ ಹತ್ತಿರ ಬಂದು ಕೇಳಿದ್ದಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳುವವರಿಗೆ ಇದನ್ನೇ ಕಳಿಸುತ್ತೇನೆ.

ಉತ್ತರ ಇಷ್ಟೇ: ಗೊತ್ತಿಲ್ಲ. ಬರೀ ಹುದ್ದೆಯ ಹೆಸರು ನೋಡಿ ಕೆಲಸ ಒಳ್ಳೇದಾ ಕೆಟ್ಟದ್ದಾ ಅಂತ ಯಾರಿಂದಲೂ ಹೇಳಲಿಕ್ಕೆ ಆಗುವುದಿಲ್ಲ. ಹೇಳುತ್ತೇನೆ ಅನ್ನುವವರನ್ನು ನಂಬಬೇಡಿ.

ಮತ್ತೊಂದು ವಿಷಯ. ನೀವು ಕಳಿಸುವ ಸ್ಕ್ರೀನ್‌ಶಾಟಿನಲ್ಲಿ ಹುದ್ದೆಯ ಹೆಸರು ಇರುತ್ತದೆ, ಸಂಬಳ ಇರುತ್ತದೆ, ಫೋನ್ ನಂಬರ್ ಇರುತ್ತದೆ. ಏನು ಕೆಲಸ ಅಂತ ಬರೆದಿರುವ ಭಾಗ ಮಾತ್ರ ಕಟ್ ಆಗಿರುತ್ತದೆ. ಓದಬೇಕಾದದ್ದನ್ನು ಬಿಟ್ಟು ಉಳಿದದ್ದನ್ನೆಲ್ಲ ಕಳಿಸಿದರೆ ನಾನು ಎಂತ ಹೇಳುವುದು ಮಾರಾಯ್ರೆ?

ಹೆಸರು ಕೇಳಿ ಕೆಲಸ ಅಳೆಯುವ ಈ ಅಭ್ಯಾಸ ನಮ್ಮವರಿಗೆ ಬ್ಯಾಂಕುಗಳಿಂದ ಬಂದದ್ದು ಅಂತ ನನಗೆ ಅನಿಸುತ್ತದೆ. ಕೆನರಾ, ಕಾರ್ಪೊರೇಷನ್ ಬ್ಯಾಂಕುಗಳು 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ಸಿಂಡಿಕೇಟ್ 1925ರಲ್ಲಿ, ವಿಜಯಾ 1931ರಲ್ಲಿ, ಎಲ್ಲ ಹುಟ್ಟಿದ್ದು ಈ ಮಣ್ಣಿನಲ್ಲೇ. ಮನೆಗೊಬ್ಬ ಬ್ಯಾಂಕಿನವರು ಇದ್ದ ಕಾಲ ಅದು. ಕ್ಲರ್ಕ್ ಅಂದರೆ ಕ್ಲರ್ಕ್, ಆಫೀಸರ್ ಅಂದರೆ ಆಫೀಸರ್. ಹೆಸರು ಹೇಳಿದರೆ ಸಾಕು, ಸಂಬಳ, ಟ್ರಾನ್ಸ್‌ಫರ್, ಪ್ರಮೋಶನ್, ಎಲ್ಲದರ ಅಂದಾಜು ಸಿಗುತ್ತಿತ್ತು.

ಈಗ ಬ್ಯಾಂಕಿನಲ್ಲೇ ಕ್ಲರ್ಕ್ ಅನ್ನುವ ಹೆಸರು ಹೆಚ್ಚು ಉಳಿದಿಲ್ಲ. ಸ್ಟೇಟ್ ಬ್ಯಾಂಕಿನ ಕ್ಲರ್ಕ್ ಈಗ ಜೂನಿಯರ್ ಅಸೋಸಿಯೇಟ್. ಸರ್ಕಾರಿ ಬ್ಯಾಂಕುಗಳ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್‌ನವರು 2025ರ ನೇಮಕಾತಿಯಲ್ಲಿ ಕ್ಲರ್ಕ್ ಹುದ್ದೆಯನ್ನು ಕಸ್ಟಮರ್ ಸರ್ವಿಸ್ ಅಸೋಸಿಯೇಟ್ ಮಾಡಿದ್ದಾರೆ. ಗ್ರಾಮೀಣ ಬ್ಯಾಂಕಿನಲ್ಲಿ ಅದೇ ದರ್ಜೆಗೆ ಆಫೀಸ್ ಅಸಿಸ್ಟೆಂಟ್ ಅನ್ನುತ್ತಾರೆ. ಹಂಪನಕಟ್ಟೆಯ ಯಾವುದೋ ಖಾಸಗಿ ಆಫೀಸಿನವರು ಆಫೀಸ್ ಅಸಿಸ್ಟೆಂಟ್ ಬೇಕು ಅಂತ ಹಾಕಿದರೆ? ಅದು ಚಹಾ ತರುವ, ಝೆರಾಕ್ಸ್ ಮಾಡಿಸುವ, ಚೆಕ್ ಹಾಕಿ ಬರುವ ಕೆಲಸ ಇರಬಹುದು. ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಕೆಲಸವೂ ಇರಬಹುದು. ಎರಡೂ ನೋಡಿದ್ದೇನೆ.

ಐಟಿಯದ್ದು ಇದರ ಉಲ್ಟಾ. ಕಾಲೇಜು ಮುಗಿಸಿ ಸೇರುವ ಹುಡುಗನಿಗೆ ಇನ್ಫೋಸಿಸ್ ಸಿಸ್ಟಮ್ಸ್ ಎಂಜಿನಿಯರ್ ಅಂದಿದೆ, ಟಿಸಿಎಸ್ ಅಸಿಸ್ಟೆಂಟ್ ಸಿಸ್ಟಮ್ ಎಂಜಿನಿಯರ್ ಅಂದಿದೆ, ವಿಪ್ರೋ ಪ್ರಾಜೆಕ್ಟ್ ಎಂಜಿನಿಯರ್ ಅಂದಿದೆ. ಎಲ್ಲವೂ ಮೊದಲ ಮೆಟ್ಟಿಲೇ. "ನಮ್ಮವನು ಬರೀ ಅಸಿಸ್ಟೆಂಟ್, ಅವರ ಮಗ ಪ್ರಾಜೆಕ್ಟ್ ಎಂಜಿನಿಯರ್" ಅಂತ ಬೇಸರ ಮಾಡಿಕೊಂಡ ಅಪ್ಪನಿಗೆ ಇದನ್ನು ತಿಳಿಸಲಿಕ್ಕೆ ನನಗೆ ಅರ್ಧ ಸಂಜೆ ಬೇಕಾಯಿತು.

ಒಂದು ಸಲ ಕಾರ್ಕಳದ ಕಡೆಯ ಒಬ್ಬ ಹುಡುಗಿ ತಾಯಿಯನ್ನು ಕರೆದುಕೊಂಡು ಬಲ್ಮಠದ ನಮ್ಮ ಆಫೀಸಿಗೆ ಬಂದಿದ್ದಳು. ಬಿಕಾಂ, ಒಳ್ಳೆ ಮಾರ್ಕು. ಅವಳಿಗೆ ಬಂದದ್ದು "ಕಸ್ಟಮರ್ ರಿಲೇಶನ್‌ಶಿಪ್ ಆಫೀಸರ್" ಅನ್ನುವ ಹುದ್ದೆ. ತಾಯಿಗೆ ಖುಷಿ. "ಆಫೀಸರ್ ಅಂತ ಉಂಟಲ್ಲ ಮೇಡಂ, ಕೂತು ಮಾಡುವ ಕೆಲಸ ಅಲ್ವಾ?" ಅಂತ ಕೇಳಿದರು.

ಪೂರ್ತಿ ಜಾಹೀರಾತು ತೆಗೆದು ಮೂವರೂ ಓದಿದೆವು. ಮೊದಲ ಸಾಲು, ಗ್ರಾಹಕರ ಜೊತೆ ಒಳ್ಳೆಯ ಸಂಬಂಧ ಬೆಳೆಸುವುದು. ಇದು ಎಲ್ಲ ಜಾಹೀರಾತಿನಲ್ಲೂ ಇರುವ ಸಾಲು, ಬಿಡಿ ಅಂದೆ. ಎರಡನೆಯದು, ಹೊಸ ಗುಂಪುಗಳನ್ನು ರಚಿಸುವುದು. ಮೂರನೆಯದು, ವಾರದ ಸೆಂಟರ್ ಮೀಟಿಂಗ್ ನಡೆಸುವುದು. ಆಮೇಲೆ, ಕಂತುಗಳ ಸಕಾಲಿಕ ಪಾವತಿ ನೋಡಿಕೊಳ್ಳುವುದು. ಎಲ್ಲಕ್ಕಿಂತ ಕೆಳಗೆ ಸಣ್ಣ ಅಕ್ಷರದಲ್ಲಿ: ಟೂ ವೀಲರ್ ಮತ್ತು ಡ್ರೈವಿಂಗ್ ಲೈಸೆನ್ಸ್ ಕಡ್ಡಾಯ.

ಹುಡುಗಿ ಆ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. "ಕೂತು ಮಾಡುವ ಕೆಲಸಕ್ಕೆ ಸ್ಕೂಟರ್ ಎಂತಕ್ಕೆ?"

ಅದು ಮೈಕ್ರೋಫೈನಾನ್ಸ್ ಕೆಲಸ. ಊರೂರಿಗೆ ಹೋಗಿ ಹೆಂಗಸರ ಗುಂಪು ಮಾಡುವುದು, ಸಾಲ ಕೊಡಿಸುವುದು, ಕಂತು ಎತ್ತುವುದು. ಜಾಹೀರಾತು ಏನನ್ನೂ ಮುಚ್ಚಿಟ್ಟಿರಲಿಲ್ಲ, ಎಲ್ಲ ಬರೆದಿತ್ತು. ಆಫೀಸರ್ ಅನ್ನುವ ಒಂದು ಶಬ್ದಕ್ಕೆ ಕಣ್ಣು ನಿಂತುಬಿಟ್ಟಿತ್ತು, ಅಷ್ಟೇ.

ನನ್ನ ಎದುರೇ ಕಂಪನಿಗೆ ಫೋನ್ ಮಾಡಿಸಿದೆ. ಒಂದೇ ಪ್ರಶ್ನೆ ಹೇಳಿಕೊಟ್ಟೆ: "ಸರ್, ತಿಂಗಳ ಕೊನೆಗೆ ನನ್ನ ಹತ್ತಿರ ಯಾವ ಲೆಕ್ಕ ಕೇಳ್ತೀರಿ?" ಆ ಕಡೆಯವರು ಒಳ್ಳೆಯವರು, ನೇರ ಹೇಳಿದರು. ಎಷ್ಟು ಗುಂಪು, ಎಷ್ಟು ಸಾಲ, ಎಷ್ಟು ಬಾಕಿ. ತಾಯಿಯ ಮುಖ ಬಾಡಿತು. ಹುಡುಗಿ ಮಾತ್ರ ಸೇರಿದಳು. ಇಡೀ ದಿನ ಕಂಪ್ಯೂಟರ್ ಮುಂದೆ ಕೂರುವುದಕ್ಕಿಂತ ನಾಲ್ಕು ಊರು ಸುತ್ತುವುದು ತನಗೆ ಇಷ್ಟ ಅಂದಳು. ಸ್ಕೂಟರ್ ಅವಳಿಗೆ ಮೊದಲೇ ಬರುತ್ತಿತ್ತು. ಮಳೆಗಾಲದಲ್ಲಿ ಕಷ್ಟ ಉಂಟು ಅಂತ ಗೊತ್ತಿದ್ದೇ ಸೇರಿದಳು.

ನನ್ನನ್ನು ಕೇಳಬೇಕಾದದ್ದು ಆ ಪ್ರಶ್ನೆ. ತಿಂಗಳ ಕೊನೆಗೆ ಯಾವ ಲೆಕ್ಕ ಕೇಳುತ್ತಾರೆ? ಇದನ್ನು ಯಾರೂ ನನ್ನ ಹತ್ತಿರ ಕೇಳುವುದಿಲ್ಲ. ಕೇಳಿದರೆ ಎಷ್ಟು ಹೊತ್ತು ಬೇಕಾದರೂ ಕೂತು ಉತ್ತರ ಹೇಳುತ್ತೇನೆ.

ಯಾಕೆಂದರೆ ಆ ಲೆಕ್ಕವೇ ಕೆಲಸ. ಅಕಾಡೆಮಿಕ್ ಕೌನ್ಸೆಲರ್ ಅಂತ ಕರೆದು, ತಿಂಗಳಿಗೆ ಇಷ್ಟು ಅಡ್ಮಿಶನ್ ಆಗಬೇಕು ಅಂದರೆ ಅದು ಫೋನಿನಲ್ಲಿ ಕೋರ್ಸ್ ಮಾರುವ ಕೆಲಸ. ರಿಲೇಶನ್‌ಶಿಪ್ ಮ್ಯಾನೇಜರ್ ಅಂತ ಕರೆದು ಇಷ್ಟು ಪಾಲಿಸಿ ಅಂದರೆ ಅದೂ ಸೇಲ್ಸ್. ಎಆರ್ (ಅಕೌಂಟ್ಸ್ ರಿಸೀವೇಬಲ್) ಕಾಲರ್ ಹುದ್ದೆಗೆ ಬಿಕಾಂ ಮಕ್ಕಳು ಅಕೌಂಟ್ಸ್ ಕೆಲಸ ಅಂತ ಅರ್ಜಿ ಹಾಕುತ್ತಾರೆ. ಅಮೆರಿಕದ ಆಸ್ಪತ್ರೆಗಳಿಗೆ ಬರಬೇಕಾದ ದುಡ್ಡಿಗಾಗಿ ಅಲ್ಲಿನ ವಿಮಾ ಕಂಪನಿಗಳಿಗೆ ಫೋನ್ ಮಾಡುವ ಕೆಲಸ ಅದು. ಅವರ ಹಗಲು ನಮ್ಮ ರಾತ್ರಿ. ಇಂಗ್ಲಿಷ್ ಚೆನ್ನಾಗಿದ್ದವರು ಅದರಲ್ಲಿ ಮೇಲೆ ಬಂದದ್ದನ್ನು ನೋಡಿದ್ದೇನೆ. ಆದರೆ ರಾತ್ರಿಪಾಳಿ ಅಂತ ಸೇರಿದ ಮೇಲೆ ಗೊತ್ತಾಗಬಾರದು. ಸೇಲ್ಸ್ ಕೀಳು ಅಂತಲೂ ನಾನು ಹೇಳುತ್ತಿಲ್ಲ. ಮಾರುವ ಕೆಲಸವನ್ನು ಮಾರುವ ಕೆಲಸ ಅಂತ ತಿಳಿದು ಸೇರಿ, ಅಷ್ಟೇ.

ಸಂಬಳದ ಬಗ್ಗೆಯೂ ಹೀಗೇ. ಸಿಟಿಸಿ ಅಂದರೆ ಕಂಪನಿ ನಿಮ್ಮ ಮೇಲೆ ಮಾಡುವ ಒಟ್ಟು ಖರ್ಚು. ತಿಂಗಳಿಗೆ 20,000 ಸಿಟಿಸಿ ಅಂದರೆ ಕೈಗೆ 20,000 ಬರುವುದಿಲ್ಲ. ಬೇಸಿಕ್ 12,000 ಅಂತ ಇಟ್ಟುಕೊಳ್ಳಿ. ಕಂಪನಿ ಕಟ್ಟುವ ಪಿಎಫ್ ಅದರ ಶೇ 12, ಅಂದರೆ 1,440. ಗ್ರಾಚ್ಯುಟಿಗೆ 577. ಕಂಪನಿಯ ಪಾಲಿನ ಇಎಸ್‌ಐ, ಅಂದರೆ ನೌಕರರ ಆರೋಗ್ಯ ವಿಮೆಯ ಕಂತು. ಇದೆಲ್ಲ ಆ 20,000ದ ಒಳಗೇ ಸೇರಿರುತ್ತದೆ. ನಿಮ್ಮ ಪಾಲಿನ ಪಿಎಫ್, ಇಎಸ್‌ಐ ಕೂಡ ಕಳೆದರೆ ಉಳಿಯುವುದು 16,000ದ ಆಸುಪಾಸು. "ಕೈಗೆ ಎಷ್ಟು ಬರುತ್ತದೆ" ಅಂತ ಇಂಟರ್‌ವ್ಯೂನಲ್ಲಿ ಕೇಳಲಿಕ್ಕೆ ನಾಚಿಕೆ ಬೇಡ. ಆ ಪ್ರಶ್ನೆಗೆ ಸಿಟ್ಟು ಬರುವ ಕಂಪನಿ ನಿಮಗೆ ಬೇಡ.

"ಮ್ಯಾನೇಜರ್ ಅಂತ ಕೊಟ್ಟಿದ್ದಾರಲ್ಲ" ಅಂತ ಹಿಗ್ಗುವವರಿಗೆ ಒಂದು ಮಾತು. ಕಾರ್ಮಿಕ ವ್ಯಾಜ್ಯಗಳಲ್ಲಿ ನಮ್ಮ ನ್ಯಾಯಾಲಯಗಳು ಹುದ್ದೆಯ ಹೆಸರಿಗಿಂತ ವ್ಯಕ್ತಿ ನಿಜವಾಗಿ ಮಾಡುವ ಕೆಲಸವನ್ನೇ ನೋಡುತ್ತಾ ಬಂದಿವೆ. ನಿಜವಾಗಿ ಮ್ಯಾನೇಜರ್ ಕೆಲಸ ಮಾಡುವವರಿಗೆ ಕಾರ್ಮಿಕ ವ್ಯಾಜ್ಯದ ಕಾನೂನಿನ ರಕ್ಷಣೆ ಇಲ್ಲ. ಕೈಕೆಳಗೆ ಒಬ್ಬರೂ ಇಲ್ಲದ ಹುಡುಗನಿಗೆ ಮ್ಯಾನೇಜರ್ ಅಂತ ಹೆಸರು ಯಾಕೆ ಸಿಗುತ್ತದೆ ಅಂತ ಸ್ವಲ್ಪ ಯೋಚಿಸಿ. ನೇಮಕಾತಿ ಪತ್ರದಲ್ಲಿ ಕೆಲಸದ ವಿವರ ಬರೆಸಿಕೊಳ್ಳಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ನೇಮಕಾತಿ ಪತ್ರ ಕೊಡುವುದು ಕಡ್ಡಾಯ.

ಗಲ್ಫಿಗೆ ಹೋಗುವವರ ವಿಷಯ ಬೇರೆ. ಅಲ್ಲಿ ಹೆಸರಿಗೂ ತೂಕ ಉಂಟು, ವೀಸಾದಲ್ಲಿ ಯಾವ ಕೆಲಸ ಅಂತ ಬರೆದಿದೆ ಅನ್ನುವುದು ದಾಖಲೆ. "ವೀಸಾದಲ್ಲಿ ಹೆಲ್ಪರ್ ಅಂತ ಇರಲಿ, ಅಲ್ಲಿ ಹೋದ ಮೇಲೆ ಸ್ಟೋರ್ ಕೀಪರ್ ಮಾಡ್ತಾರೆ" ಅಂತ ಏಜೆಂಟ್ ಹೇಳಿದರೆ ಪಾಸ್‌ಪೋರ್ಟ್ ಕೊಡಬೇಡಿ. ಆ ಏಜೆಂಟ್ ನೋಂದಾಯಿತನಾ ಅಂತ ಸರ್ಕಾರದ ಇ-ಮೈಗ್ರೇಟ್ ಪೋರ್ಟಲಿನಲ್ಲಿ ನೋಡಿ. ನೋಂದಾಯಿತ ಏಜೆಂಟರು 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ಸೇವಾ ಶುಲ್ಕ ತೆಗೆದುಕೊಳ್ಳುವ ಹಾಗಿಲ್ಲ. ಲಕ್ಷ ಕೇಳಿದ ಕೂಡಲೇ ಎದ್ದು ಬನ್ನಿ.

ಇನ್ನು ಮುಂದೆ ನನಗೆ ಕಳಿಸುವುದಾದರೆ ಪೂರ್ತಿ ಜಾಹೀರಾತು ಕಳಿಸಿ, ಕೆಳಗಿನ ಸಣ್ಣ ಅಕ್ಷರದ ಸಾಲು ಸಮೇತ. ಆಫರ್ ಲೆಟರ್ ಬಂದಿದ್ದರೆ ಸಂಬಳದ ಪುಟವನ್ನೂ ಕಳಿಸಿ. ಕಂಪನಿಗೆ ಫೋನ್ ಮಾಡಿ ಆ ಲೆಕ್ಕದ ಪ್ರಶ್ನೆ ಕೇಳಿ, ಅವರು ಏನು ಹೇಳಿದರು ಅಂತ ನಿಮ್ಮ ಮಾತಲ್ಲಿ ಬರೆಯಿರಿ. ರಾತ್ರಿ ಕಳಿಸಿದರೂ ಪರವಾಗಿಲ್ಲ, ಓದುತ್ತೇನೆ.