ಹೋಗೋಕೆ ಹೋಗ್ತೀನಿ

ಇಪ್ಪತ್ತರಲ್ಲಿ ಹೋಗಿದ್ದು ಒಂದೇ ಒಂದು ಮಾರ್ಕು. ಅಷ್ಟಕ್ಕೇ ನಾನು ಪಿಟಿಎಂ (ಪೇರೆಂಟ್-ಟೀಚರ್ ಮೀಟಿಂಗ್) ದಿನ ಫ್ಯಾನಿನ ಕೆಳಗೆ ಕೂತು ಬೆವರಿದ್ದು.

ತುಮಕೂರಿನ ಒಂದು ಸಿಬಿಎಸ್‌ಇ ಶಾಲೆಯಲ್ಲಿ ಫ್ರೆಂಚ್ ಕಲಿಸ್ತೀನಿ. ಎಂಟನೇ ಕ್ಲಾಸಿನ ಫ್ಯುತೂರ್ ಪ್ರೋಶ್, ಅಂದ್ರೆ ಇನ್ನೇನು ಆಗೋದನ್ನ ಹೇಳೋ ಭವಿಷ್ಯತ್ ಕಾಲ, ನನಗೆ ಬಲು ಇಷ್ಟದ ಪಾಠ. ಪಾಸೆ ಕಾಂಪೋಸೆ ಅನ್ನೋ ಭೂತಕಾಲ ಬಂದು ತಲೆ ತಿನ್ನೋಕೆ ಮುಂಚೆ ಮಕ್ಕಳಿಗೆ ಸಿಗುವ ಕೊನೆಯ ಸುಖ ಅದು. 'ಹೋಗು' ಅನ್ನೋ ಅರ್ಥದ ಆಲೇ ಕ್ರಿಯಾಪದದ ವರ್ತಮಾನ ರೂಪ ಹಾಕು, ಪಕ್ಕದಲ್ಲಿ ಬೇಕಾದ ಕ್ರಿಯಾಪದವನ್ನ ಮೂಲರೂಪದಲ್ಲೇ ಕೂರಿಸು, ಮುಗೀತು. ಪಾರ್ಲೇ, ಅಂದ್ರೆ ಮಾತಾಡು, ತಗೊಳ್ಳಿ: ಜ ವೇ ಪಾರ್ಲೇ, ತ್ಯು ವಾ ಪಾರ್ಲೇ, ಇಲ್ ವಾ ಪಾರ್ಲೇ, ನೂಜಾಲೋಂ ಪಾರ್ಲೇ, ವೂಜಾಲೇ ಪಾರ್ಲೇ, ಇಲ್ ವೋಂ ಪಾರ್ಲೇ. ಮೊದಲು ಬರೋ ಆಲೇ ಆರು ವೇಷ ಹಾಕುತ್ತೆ, ಪಾರ್ಲೇ ಮಾತ್ರ ಬಿಸ್ಕತ್ತಿನ ಪೊಟ್ಟಣದ ಹಾಗೆ ಯಾವ ಅಂಗಡಿಯಲ್ಲಿ ನೋಡಿದ್ರೂ ಒಂದೇ. ಮಾಂಜೇ, ಅಂದ್ರೆ ತಿನ್ನು, ವರ್ತಮಾನದಲ್ಲಿ ನೂ (ನಾವು) ಜೊತೆ ಬಂದ್ರೆ ಬರವಣಿಗೆಯಲ್ಲಿ ನಡುವೆ ಒಂದು ಹೆಚ್ಚುವರಿ 'ಇ' ಅಕ್ಷರ ಬೇಡುತ್ತೆ. ಇಲ್ಲಿ ಆ ರಗಳೆಯೂ ಇಲ್ಲ. ಕಾಟ ಇರೋದು ಕಿವಿಗೆ. ಕೊನೆಯಲ್ಲಿ 'ಇ ಆರ್' ಬರೆದ್ರೂ, 'ಇ ಜೆಡ್' ಬರೆದ್ರೂ, ಗೀಟು ಹಾಕಿದ 'ಇ' ಬರೆದ್ರೂ ಕೇಳಿಸೋದು ಪಾರ್ಲೇ ಅಂತಲೇ. ಬಾಯಲ್ಲಿ ಹತ್ತಕ್ಕೆ ಹತ್ತು ತಗೊಂಡೋರು ಪೇಪರಲ್ಲಿ ನಾಲ್ಕಕ್ಕೆ ಬಂದು ನಿಲ್ತಾರೆ.

ಪಾಠದ ದಿನ ಒಬ್ಬ ಹುಡುಗ ಜ ವೇ ಮಾಂಜೇ ಅನ್ನೋದನ್ನ 'ತಿನ್ನೋಕೆ ಹೋಗ್ತೀನಿ' ಅಂದ. "ಎಲ್ಲಿಗೋ, ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿಗಾ?" ಅಂತ ಹಿಂದಿನ ಬೆಂಚು ನಕ್ಕಿತು. ಆಗ ನಾನು ಜಂಬದಿಂದ ಹೇಳಿದ್ದು ಇದು: "ಇಲ್ಲಿ ವೇ ಅಂದ್ರೆ ಕಾಲು ಕದಲಿಸೋ ಹೋಗೋದಲ್ಲ, ಕಾಲ ಹೇಳೋ ಹೋಗೋದು. ಅಮ್ಮ ಕೂಗಿದ್ರೆ ಸೋಫಾ ಬಿಟ್ಟು ಏಳದೇನೇ 'ಬಂದೆ' ಅಂತೀರಲ್ಲ, ಬಂದಿರ್ತೀರಾ? ಹಾಗೇ ಇದು." ಹೇಳಿದ ಮಾತು ನನಗೇ ರುಚಿಸಿ ಎ ಸೆಕ್ಷನ್ನಲ್ಲೂ ಹೇಳಿದೆ.

ಆಮೇಲೆ ಪಿಟಿ-1, ಅಂದ್ರೆ ಮೊದಲನೇ ಪೀರಿಯಾಡಿಕ್ ಟೆಸ್ಟ್. ಕೋಆರ್ಡಿನೇಟರ್ ಮೇಡಂಗೆ ಬ್ಲೂಪ್ರಿಂಟ್, ಎರಡು ಸೆಟ್ ಪ್ರಶ್ನೆಪತ್ರಿಕೆ, ಉತ್ತರದ ಕೀ ಎಲ್ಲಾ ನಾಲ್ಕು ಗಂಟೆಯೊಳಗೆ ಬೇಕಿತ್ತು. ಹೋದ ವರ್ಷದ ವರ್ತಮಾನ ಕಾಲದ ಪೇಪರ್ ತೆಗೆದು, ವಾಕ್ಯಗಳ ಮುಂದೆ 'ನಾಳೆ' ಸೇರಿಸಿ, ಮೇಲೆ ಫ್ಯುತೂರ್ ಪ್ರೋಶ್ ಅಂತ ತಲೆಬರಹ ಹಾಕಿದೆ. ಕೀಯಲ್ಲಿ ನಾಲ್ಕು ಉತ್ತರ ತಿದ್ದಿದೆ. ಐದನೇದು, 'ನಾಳೆ ನಾನು ಸಂತೆಗೆ ___', ಬ್ರಾಕೆಟ್ಟಿನಲ್ಲಿ ಆಲೇ. ಕೀಯಲ್ಲಿ ಹಳೇ 'ವೇ' ಹಾಗೇ ಉಳೀತು.

36 ಪೇಪರ್. ಬಹುಪಾಲು ಮಕ್ಕಳು ವೇ ಅಂತ ಬರೆದಿದ್ರು, ಸರಸರ ಟಿಕ್ ಹಾಕ್ಕೊಂಡು ಹೋದೆ. ಒಬ್ಬಳು ಮಾತ್ರ 'ವೇ ಆಲೇ' ಅಂತ ಬರೆದಿದ್ದಳು. ಕೆಂಪು ಪೆನ್ನು ಒಂದು ಗಳಿಗೆ ನಿಂತಿದ್ದು ನಿಜ. ಹೋಗೋಕೆ ಹೋಗ್ತೀನಿ? ಒಂದೇ ಸಂತೆಗೆ ಎರಡು ಸಲ ಹೋಗ್ತಾಳಾ ಇವಳು? ಹೊಡೆದು ಹಾಕಿದೆ. ಸಾಲದು ಅಂತ ಪಕ್ಕದಲ್ಲಿ ಎರಡು ಪ್ರಶ್ನಾರ್ಥಕ ಚಿಹ್ನೆ. ಆ ಚಿಹ್ನೆಗಳು ಈಗಲೂ ಚುಚ್ಚುತ್ತವೆ.

ಶನಿವಾರ ಅವಳ ಅಪ್ಪ ಬಂದ್ರು. ಗುಬ್ಬಿ ಕಡೆಯೋರು, ಕೊಬ್ಬರಿ ವ್ಯಾಪಾರ. ಪೇಪರನ್ನ ನಾಲ್ಕು ಮಡಿಕೆ ಮಾಡಿ ಜೇಬಲ್ಲಿ ಇಟ್ಕೊಂಡಿದ್ರು. ಮೇಜಿನ ಮೇಲೆ ಬಿಡಿಸಿ ಅಂಗೈಯಲ್ಲಿ ಸವರಿದ್ರು. "ನಂಗೆ ಈ ಭಾಷೆ ಒಂದಕ್ಷರ ಬರಲ್ಲ ಮೇಡಂ. ಜಗಳಕ್ಕೂ ಬಂದಿಲ್ಲ. ಯಾವ ರೂಲಿಗೆ ತಪ್ಪು ಅಂತ ಒಂದ್ ಮಾತು ಹೇಳ್ಬಿಡಿ, ಒಪ್ಕೊಂಡು ಹೋಗ್ತೀವಿ."

ರೂಲ್ ಹೇಳೋಕೆ ಬಾಯಿ ತೆರೆದೆ. ಇರಲೇ ಇಲ್ಲ. ಟೆಕ್ಸ್ಟ್‌ಬುಕ್ ತೆಗೆದು ಪುಟ ತಿರುವಿದೆ, ಹುಡುಕೋಕಲ್ಲ, ಕೈಗೊಂದು ಕೆಲಸ ಇರಲಿ ಅಂತ. ಹಿಂದೆ ನಾಲ್ಕು ಜನ ಪೇರೆಂಟ್ಸ್ ಕ್ಯೂ. ಹುಡುಗಿ ನೆಲ ನೋಡ್ಕೊಂಡೇ ಅಂದಳು: "ಮಿಸ್, ವೇ ಕಾಲ ಹೇಳೋ ಹೋಗೋದು. ಆಲೇ ಕಾಲು ಕದಲಿಸೋ ಹೋಗೋದು. ಎರಡೂ ಬೇಕಲ್ವಾ?"

ಆ ಕ್ಷಣಕ್ಕೇ ಗೊತ್ತಾಯ್ತು. ಆದ್ರೂ ಏನಂದೆ? "ಚೆಕ್ ಮಾಡಿ ಸೋಮವಾರ ಹೇಳ್ತೀನಿ." ಕ್ಯೂ ಮುಂದೆ ತಪ್ಪೊಪ್ಪಿಕೊಳ್ಳೋಕೆ ನಾಲಿಗೆ ಏಳಲಿಲ್ಲ. "ಆಗ್ಲಿ ಮೇಡಂ" ಅಂದು ಅವರು ಅದೇ ಮಡಿಕೆಗಳಲ್ಲಿ ಪೇಪರ್ ಮಡಚಿ ಜೇಬಿಗಿಟ್ಕೊಂಡ್ರು. ಬೈದಿದ್ರೆ ಚೆನ್ನಾಗಿತ್ತು.

ಚೆಕ್ ಮಾಡೋಕೆ ಏನೂ ಇರಲಿಲ್ಲ. ಜ ವೇ ಆಲೇ ಓ ಮಾರ್ಶೇ (ಸಂತೆಗೆ) ಅಂತ ಫ್ರೆಂಚರು ದಿನಾ ಅಂತಾರೆ. 'ನಾಳೆ' ಜೊತೆ ಬರೀ ವೇ ಅಂದ್ರೂ ಒಳ್ಳೇ ಫ್ರೆಂಚೇ, ಆದ್ರೆ ಅದು ವರ್ತಮಾನ ರೂಪ, ನಾನು ಕೇಳಿದ್ದು ಅದಲ್ಲ. ನನ್ನ ಕನ್ನಡದ ಕಿವಿಗೆ ಎರಡು 'ಹೋಗು' ನಗೆಪಾಟಲು ಅನ್ನಿಸಿತ್ತು, ಅಷ್ಟೇ. ನಮ್ಮಲ್ಲಿ 'ಮಾಡೋಕೆ ಹೋದೆ' ಅಂದ್ರೆ ಅರ್ಧ ಪಾಲು ಕೆಲಸ ಕೆಟ್ಟಿತು ಅಂತಲೇ ಅರ್ಥ. ನಾನೂ ಕೀ ಮಾಡೋಕೆ ಹೋಗಿದ್ದೆ. ಈಗ ಕೀ ನೋಡದೇ ನನ್ನ ಪೇಪರನ್ನ ನಾನೇ ಒಂದು ಸಲ ಬರೀತೀನಿ, ಹತ್ತು ನಿಮಿಷದ ಕೆಲಸ.

ಸೋಮವಾರ ಕ್ಲಾಸಲ್ಲಿ ಎಲ್ಲರೆದುರು ಹೇಳಿದೆ, ಅವಳ ಅಪ್ಪನಿಗೂ ಫೋನ್ ಮಾಡಿದೆ. ಕೋಆರ್ಡಿನೇಟರ್ ಚಿಂತೆ ಬೇರೆ: "ಹಾಗಾದ್ರೆ ಮಿಕ್ಕವರ ಮಾರ್ಕು ಕಡಿಮೆ ಮಾಡ್ತೀರಾ? ಅಷ್ಟೂ ಜನ ಬಂದು ನಿಲ್ತಾರೆ." ಯಾರದ್ದೂ ಕಡಿಮೆ ಆಗಲಿಲ್ಲ. ಇವಳೊಬ್ಬಳದ್ದು ಹೆಚ್ಚಿಸೋಕೆ ಆ್ಯಪ್ ಅನ್‌ಲಾಕ್ ಆಗಬೇಕು, ಅದಕ್ಕೆ ನನ್ನ ವಿವರಣೆ ಪತ್ರ, ಮೂರು ಸಹಿ. ಎಲ್ಲಾ ಕೊಟ್ಟಾಯ್ತು.

ಇವತ್ತು ನೋಡಿದೆ, ಆ್ಯಪಲ್ಲಿ ಇನ್ನೂ 19. ಆಫೀಸಿನವರು "ಈಗ್ಲೇ ಮಾಡ್ಬಿಡ್ತೀವಿ ಮೇಡಂ" ಅಂದು ಮೂರು ವಾರ ಆಯ್ತು.