ಡ್ಯಾನ್ಯೂಬ್ ಮೇಲೆ ಒಂದು ಸಂಜೆ

ಬುಡಾಪೆಸ್ಟ್‌ನಲ್ಲಿ ನಿನ್ನೆ ಸಂಜೆ ನಮ್ಮ ಮನೆಯವರಿಗಷ್ಟೇ ಅಂತ ಒಂದು ಚಿಕ್ಕ ಬೋಟು ಮಾಡಿಕೊಂಡಿದ್ದೆವು. ಚೈನ್ ಬ್ರಿಡ್ಜ್ ಕೆಳಗೆ ಬಂದಾಗ ಬೋಟಿನವರು ಎಂಜಿನ್ ನಿಧಾನ ಮಾಡಿದರು. ತಲೆಯೆತ್ತಿ ನೋಡಿದೆ. ಕಬ್ಬಿಣದ ತೊಲೆಗಳು, ಸಾಲು ಸಾಲು ರಿವೆಟ್ಟು. ಮೇಲೆ ಬಸ್ಸು ಹೋದಾಗ ಗುಡುಗುಡು ಸದ್ದು.

1849ರಲ್ಲಿ ತೆರೆದ ಸೇತುವೆ ಇದು. 1945ರ ಜನವರಿಯಲ್ಲಿ, ಹಿಂದೆ ಸರಿಯುತ್ತಿದ್ದ ಜರ್ಮನ್ ಸೇನೆ ಇದನ್ನು ಸ್ಫೋಟಿಸಿತು. ಯುದ್ಧ ಮುಗಿಯುವಷ್ಟರಲ್ಲಿ ಊರಿನ ಒಂದು ಸೇತುವೆಯೂ ಉಳಿದಿರಲಿಲ್ಲ. ಜನ ಮತ್ತೆ ಕಟ್ಟಿದರು. ಸರಿಯಾಗಿ ನೂರು ವರ್ಷಕ್ಕೆ, 1949ರಲ್ಲಿ, ಇದು ಮತ್ತೆ ತೆರೆಯಿತು. ಪಕ್ಕದ ಬಿಳಿ ಎಲಿಜಬೆತ್ ಸೇತುವೆಗೆ 1964ರವರೆಗೆ ಕಾಯಬೇಕಾಯಿತು.

ಬೆಳಿಗ್ಗೆ ಇದರ ಮೇಲೇ ನಡೆದಿದ್ದೆ, ಫೋಟೋ ತೆಗೆಯುವ ಗಡಿಬಿಡಿಯಲ್ಲಿ. ಸೇತುವೆ ಎಷ್ಟು ಭಾರ ಹೊತ್ತಿದೆ ಅನ್ನೋದು ಕೆಳಗಿಂದ ನೋಡಿದಾಗಲೇ ಗೊತ್ತಾಗೋದು, ಅಲ್ವಾ? ದೀಪ ಹತ್ತಿಕೊಂಡವು. ಅಮ್ಮ ಸುಮ್ನೆ ನದಿಗೆ ಕೈಮುಗಿದರು.